ಯಾರ ಪೈಕಿ

ಮೊದ್ಲ ಹೇಳಿಬಿಡ್ತೀನಿ. ಈ ಕತಿಯೊಳಗ ಒಂದು ಕೆಟ್ಟ ಕಂಪನಿ ಐತಿ, ಒಬ್ಬ ಕೆಟ್ಟ ಸೂಪರ್‌ವೈಜರ್ ಅದಾನ. ಆದ್ರ ಅವರಿಗೆ ಬಾಗಲಾ ತೆಗೆದಾಕಿ ನಾನು. ತೆಗೆದಾಕಿ ಅನ್ನೂದೂ ತಪ್ಪ, ಬಾಗಲಾನ ಕಿತ್ತು ಬಾಜೂಕ ಇಟ್ಟಾಕಿ.

ನಾನು ಶೈಲಶ್ರೀ. ಹುಟ್ಟಿ ಬೆಳೆದದ್ದೆಲ್ಲಾ ಉಪ್ಪಲ್‌ದಾಗ. ನಮ್ಮಪ್ಪ ವೀರಭದ್ರಪ್ಪ ಸಿಕಂದರಾಬಾದ್‌ದಾಗ ರೈಲ್ವೆ ನೌಕರಿ, ಮೂಲ ಲಿಂಗಸುಗೂರು ಕಡಿಯವರು. ಮನ್ಯಾಗ ಕನ್ನಡ, ಗೇಟ್ ದಾಟಿದ್ರ ತೆಲುಗು, ಆಟೋದಾಗ ಹಿಂದಿ, ಆಫೀಸಿನ್ಯಾಗ ಇಂಗ್ಲಿಷ್. ಮಾದಾಪುರದಾಗ ಒಂದು ಕಂಪನಿಯೊಳಗ ಟೆಸ್ಟಿಂಗ್ ಕೆಲಸ. ಅಂದ್ರ ಬ್ಯಾರೆಯವರು ಬರೆದ ಸಾಫ್ಟ್‌ವೇರ್ ಎಲ್ಲಿ ಮುರೀತೈತಿ ಅಂತ ಹುಡುಕೂದು. ಅದಕ್ಕ ನನಗ ಪಗಾರ ಕೊಡ್ತಾರ. ನಗಬ್ಯಾಡ್ರಿ.

ಎರಡು ಸಾವಿರದ ಇಪ್ಪತ್ತೆರಡರ ಕೊನಿಗೆ ಇಂಟರ್ನೆಟ್ಟಿನ್ಯಾಗ ಮಂದಿ ಮಾತಾಡೂ ಒಂದು ದೊಡ್ಡ ತಾಣದ ಮಾಲಕ ಬದಲಾದ, ನೆನಪೈತಲ್ಲ? ಮಂದಿ ಗಂಟು ಮೂಟಿ ಕಟ್ಕೊಂಡು ಬ್ಯಾರೆ ಬ್ಯಾರೆ ಕಡಿ ಹೊಂಟ್ರು. ನಾನೂ ಹೊಂಟೆ, ಎಲ್ಲಾ ಕಡಿ ಹೋದೆ. ಉಪ್ಪಲ್‌ದಿಂದ ಮಾದಾಪುರಕ್ಕ ಮೆಟ್ರೋದಾಗ ಮುಕ್ಕಾಲು ತಾಸು, ಅಷ್ಟೂ ಹೊತ್ತು ಅದೇ ಹುಚ್ಚು. ಮಾಸ್ಟೊಡಾನ್ ಅಂತ ಒಂದೈತಿ, ಅದಕ್ಕ ಒಬ್ಬ ಮಾಲಕ ಇಲ್ಲ. ಊರೂರಿಗೆ ಒಂದೊಂದು ಮನಿ ಇದ್ದಂಗ, ಮನಿಯಿಂದ ಮನಿಗೆ ಕಿಟಕಿ. ಯಾರು ಬೇಕಾದ್ರೂ ತಮ್ಮದೊಂದು ಮನಿ ಕಟ್ಕೋಬಹುದು. ಆದ್ರ ಅಲ್ಲಿಯ ಮಂದಿ ಮಡಿ ಮುದುಕ್ಯಾರಿದ್ದಂಗ, ಚಪ್ಲಿ ಬಿಟ್ಟು ಬಾ, ಕಾಲ್ ತೊಳ್ಕೊಂಡು ಬಾ. ಫೋಟೋ ಹಾಕಿದ್ರ ಅದರಾಗ ಏನೈತಿ ಅಂತ ಕೆಳಗ ಬರೀಬೇಕು, ಇಲ್ಲಾಂದ್ರ ಬೈಸ್ಕೊ. ಬ್ಲೂಸ್ಕೈ ಅಂತ ಇನ್ನೊಂದು, ಅದು ಕಾಲೇಜ್ ಕ್ಯಾಂಟೀನ್, ಎಲ್ಲಾರೂ ಜೋಕ್ ಹೊಡ್ಯಾಕ ಬಂದವರ. ಮೊದಮೊದಲು ಒಳಗಿದ್ದವರು ಯಾರರೆ ಕರದ್ರ ಮಾತ್ರ ಹೋಗಾಕ ಬರ್ತಿತ್ತು, ಅದಕ್ಕ ನನಗ ಭಾಳ ಸಿಟ್ಟು.

ನಾ ಒಂದು ಪಟ್ಟಿ ಮಾಡಿದ್ದೆ. ಎಡಕ್ಕ ತಾಣದ ಹೆಸರು, ಬಲಕ್ಕ ಅದರ ಗುಣ. ಯಾರು ಒಳಗ ಬರಬಹುದು, ಯಾರಿಗೆ ಏನು ಕಾಣ್ತೈತಿ, ಯಾರು ಹೊರಗ ಹಾಕಬಹುದು. 'ಎಲ್ಲಾರಿಗೂ ಓಪನ್' ಅಂತ ಇದ್ದದ್ದಕ್ಕ ಐದು ಚುಕ್ಕಿ. ಕೇಳಿ ಒಳಗ ಬಿಡೂದಕ್ಕ ಒಂದು ಚುಕ್ಕಿ. ಹನ್ನೊಂದು ತಾಣ ಇದ್ವು ಪಟ್ಟಿಯೊಳಗ. ಹುಸೇನಪ್ಪ ಕಾಕಾನ ವಾಟ್ಸಾಪ್ ಗುಂಪು ಇದ್ದಿಲ್ಲ. ಅದೂ ಒಂದು ತಾಣ ಅಂತ ನನಗ ಹೊಳದೇ ಇದ್ದಿಲ್ಲ.

ಹುಸೇನಪ್ಪ ಕಾಕಾ ಮೇಸ್ತ್ರಿ. ಉಪ್ಪಲ್‌ದಾಗ ರಿಂಗ್ ರೋಡಿನ ಬಾಜೂಕ ಮುಂಜಾನೆ ಕೂಲಿ ಮಂದಿ ನಿಲ್ಲೂ ಅಡ್ಡಾ ಐತಲ್ಲ, ಅಲ್ಲಿ ಮೂವತ್ತು ವರ್ಷದಿಂದ ನಿಂತ ಮನಷ್ಯಾ. ದೇವದುರ್ಗ, ಮಾನ್ವಿ, ಲಿಂಗಸುಗೂರು ಕಡಿಯಿಂದ ಬಂದವರೆಲ್ಲಾ ಅವನ ಗುಂಪಿನ್ಯಾಗ. ಎಲ್ಲಿ ಕೆಲಸ ಐತಿ, ಯಾವ ಸೈಟಿನ್ಯಾಗ ನೀರಿಲ್ಲ, ಯಾವ ಸೂಪರ್‌ವೈಜರ್ ಕೈ ಸುದ್ದ ಇಲ್ಲ, ಎಲ್ಲಾ ಅಲ್ಲಿ. ಒಬ್ಬರೂ ಬರ್ಯಾಂಗಿಲ್ಲ, ಎಲ್ಲಾ ದನಿ ರೆಕಾರ್ಡ್ ಮಾಡಿ ಕಳಸೂದು. ಹೊಸಬರು ಬಂದ್ರ ಒಂದು ರಿವಾಜು. ಮೊದ್ಲ ಕಾಕಾಗ ದನಿ ಕಳಸಬೇಕು: ಹೆಸರೇನು, ಯಾವೂರು, ಯಾರ ಪೈಕಿ. ಕಾಕಾ ಅದನ್ನ ಗುಂಪಿಗೆ ಹಾಕ್ತಾನ. ಒಳಗಿದ್ದವರು ಒಬ್ಬರರೆ "ಹೌದ್ರಿ, ನಮ್ಮಾವ" ಅನ್ನಬೇಕು. ಯಾರೂ ಅನ್ನಲಿಲ್ಲಂದ್ರ ಇಲ್ಲ. ಮಲ್ಲಣ್ಣ ಅಂತ ಒಬ್ಬ ಸೂಪರ್‌ವೈಜರ್, ಮಾನ್ವಿಯವನ, ಮೂರು ಸಲ ಕೇಳಿದ್ನಂತ. ಮೂರು ಸಲಾನೂ ಗುಂಪು ಸುಮ್ಮ. "ಊರು ನಮ್ಮದ, ಉಣ್ಣೂದು ಮಾತ್ರ ಆ ಕಡಿ" ಅಂತಿದ್ದ ಕಾಕಾ.

ನನ್ನ ಆ ಗುಂಪಿಗೆ ಸೇರಿಸಿದಾಕಿ ಅನ್ನಮ್ಮಕ್ಕ.

ನಾಲ್ಕು ವರ್ಷದ ಹಿಂದ ನಮ್ಮ ಮನಿ ಮ್ಯಾಲೆ ಒಂದು ಖೋಲಿ ಕಟ್ಟಿಸಿದ್ವಿ, ಆವಾಗ ಉಸುಕು ಹೊರಾಕ ಬಂದಿದ್ಳು. ನಮ್ಮವ್ವ ಅಕಿಗೆ ಚಾ ಕೊಡಾಕ ಒಂದು ಸ್ಟೀಲ್ ಗ್ಲಾಸ್ ನಳದ ಬಾಜೂಕ ಬ್ಯಾರೆ ಇಟ್ಟಿದ್ಳು. ನಾ ಜಗಳ ಮಾಡಿದೆ, ಅವ್ವ ಕೇಳಲಿಲ್ಲ, ಗ್ಲಾಸ್ ಅಲ್ಲೇ ಇತ್ತು. ನಾಚಿಕಿಗೆ ನಾ ಅಕಿ ಕೂಡ ಹೊರಗ ಕಟ್ಟಿ ಮ್ಯಾಲೆ ಕುಂತು ಚಾ ಕುಡಿತಿದ್ದೆ. ಹಂಗ ದೋಸ್ತಿ. ಫೋನಿನ್ಯಾಗ ವಾಟ್ಸಾಪ್ ಹಾಕ್ಕೊಟ್ಟಾಕಿ ನಾನ.

ಆಮ್ಯಾಲೆ ಅಕಿ ಹದಿನೆಂಟು ಅಂತಸ್ತಿನ ದೊಡ್ಡ ಸೈಟಿಗೆ ಸೇರಿದ್ಳು. ಅಲ್ಲೇ ಒಳಗ ತಗಡಿನ ಶೆಡ್ಡು, ಮಗಳು ರೇಣುಕಾ ಬಾಜೂಕಿನ ಸರಕಾರಿ ಸಾಲಿಯೊಳಗ ಹತ್ತನೆತ್ತೆ.

"ಏಳು ಸಾಲಿ ಬದಲ್ಸ್ಯಾಳವ್ವ ನನ್ನ ಮಗಳು" ಅಂತಿದ್ಳು. "ಸೈಟ್ ಮುಗೀತು, ಸಾಲಿ ಮುಗೀತು. ಇದೊಂದ ಕಡಿ ಮೂರು ವರ್ಷ ಕುಂತಾಳ. ಮಾರ್ಚ್‌ಕ ಪರೀಕ್ಷೆ. ಅಲ್ಲೀತನ ಅವರು ಹೆಂಡಿ ತಿನ್ನು ಅಂದ್ರೂ ತಿಂತೀನಿ, ಈ ಸೈಟ್ ಬಿಡಾಕಿ ಅಲ್ಲ ನಾ."

ನನಗ ಕುತೂಹಲ, ಗುಂಪಿನ್ಯಾಗ ಏನೇನ್ ಮಾತಾಡ್ತಾರ ಕೇಳಬೇಕು ಅಂತ. ದನಿ ಕಳಿಸಿದೆ. ಅರ್ಧ ತಾಸಿನ್ಯಾಗ ಅನ್ನಮ್ಮಕ್ಕನ ದನಿ ಬಂತು, ಹಿಂದ ಕಾಂಕ್ರೀಟ್ ಮಿಶಿನ್ ಸಪ್ಪಳ: "ನಮ್ಮಾಕಿ ಅದಾಳ್ರಿ. ನನ್ನ ಪೈಕಿ ಅಂತ ಹಾಕ್ಕೊಳ್ರಿ." ನಾ ಮೆಟ್ರೋದಾಗ ನಿಂತು ನಕ್ಕೆ. ಎಷ್ಟು ಹಳೇ ಕಾಲದ್ದಪಾ ಅಂತ.

ಅದ ಹುಚ್ಚಿನ್ಯಾಗ ಕಟ್ಟಿದ್ದು 'ಕಟ್ಟಿ'. ನನ್ನದ ಸ್ವಂತ ತಾಣ, ಮಾಸ್ಟೊಡಾನ್ ಮಂದಿಯ ಪುಕ್ಕಟೆ ಸಾಫ್ಟ್‌ವೇರ್ ತಗೊಂಡು ಮಾಡಿದ್ದು. ಎಲ್ಲಾ ಕನ್ನಡದಾಗ. ದೊಡ್ಡ ಕೆಂಪು ಗುಂಡಿ ಒತ್ತಿದ್ರ ದನಿ ರೆಕಾರ್ಡ್. ಕೆಲಸದ ಸುದ್ದಿ ಬ್ಯಾರೆ, ಊರಿನ ಸುದ್ದಿ ಬ್ಯಾರೆ. ಗುಡ್ ಮಾರ್ನಿಂಗ್ ಹೂವಿನ ಚಿತ್ರದ ಕಸ ಇಲ್ಲ. ದೀಪಾವಳಿ ಮುಗಿದ ಮ್ಯಾಲೆ ನಾಲ್ಕು ಐತವಾರ ಅಡ್ಡಾದಾಗ ಕುಂತು ಒಬ್ಬೊಬ್ಬರ ಫೋನಿಗೆ ಹಾಕ್ಕೊಟ್ಟೆ.

ಹುಸೇನಪ್ಪ ಕಾಕಾ ಬೀಡಿ ಹಚ್ಕೊಂಡು ನೋಡ್ತಿದ್ದ. "ಏ ಕಂಪ್ಯೂಟರವ್ವ, ಇದರಾಗ ಹೊಸಬರು ಬಂದ್ರ ನನ್ನ ಕಡಿ ದನಿ ಎಲ್ಲಿ ಬರ್ತೈತಿ?"

"ಬರಂಗಿಲ್ಲ ಕಾಕಾ. ಯಾರು ಬೇಕಾದ್ರೂ ಬರಬಹುದು."

"ಯಾರು ಬೇಕಾದ್ರೂ?"

"ಯಾರ ಪೈಕಿ ಯಾರ ಪೈಕಿ ಅಂತ ಕೇಳೂದು ಚಂದಲ್ಲ ಕಾಕಾ. ಜಾತಿ ಕೇಳಿದಂಗ ಆಕ್ಕೈತಿ."

ಅವ ಬೀಡಿ ಬಾಯಿಂದ ತೆಗೆದ. "ಜಾತಿ ನಿಮ್ಮ ಓಣಿಯೊಳಗ ಕೇಳ್ತಾರ, ಅದೂ ಬಾಯಿ ಬಿಡದ. ನಾ ಕೇಳೂದು, ನಿನ್ನ ಬೆನ್ನಿಗೆ ಯಾರು ನಿಲ್ತಾರ ಅಂತ. ಎರಡೂ ಒಂದ ಅಂತೀಯೇನು?"

ನಾ ಏನೋ ಅಂದೆ. ಸ್ವಾತಂತ್ರ್ಯ, ಸಮಾನತೆ, ಓಪನ್. ನಾ ಟೈಪ್ ಮಾಡೂದೂ ಭರಾಟಿ, ಮಾತಾಡೂದೂ ಭರಾಟಿ, ಎದುರಿನವರಿಗೆ ಸಂದು ಸಿಗಂಗಿಲ್ಲ. ಎರಡು ದೋಣಿಯಾಗ ಕಾಲಿಡಬ್ಯಾಡ್ರಿ, ಹಳೇ ಗುಂಪಿಗೆ ಕೀಲಿ ಹಾಕ್ರಿ ಅಂತ ಗಂಟು ಬಿದ್ದೆ. ಕಾಕಾ ಅನ್ನಮ್ಮಕ್ಕನ ಕಡಿ ನೋಡಿದ. ಅಕಿ ಅಂದ್ಳು, "ಹುಡಿಗಿ ಕಲ್ತಾಕಿ ಐತಿ ಮೇಸ್ತ್ರಿ, ನಮ್ಮ ಕೆಟ್ಟದ್ದಕ್ಕ ಮಾಡ್ತಾಳೇನು?" ಅವ ಕೀಲಿ ಹಾಕಿದ.

ಒಂದು ಫರಕು ಅವತ್ತು ನನಗ ಗೊತ್ತಿತ್ತು, ಹೇಳಲಿಲ್ಲ. ಹಳೇ ಗುಂಪಿನ್ಯಾಗ ಯಾರು ಸೇರಿದ್ರೂ ಎಲ್ಲಾರ ಫೋನಿನ್ಯಾಗ ಕಾಣ್ತಿತ್ತು. ಕಟ್ಟಿಯೊಳಗ ಯಾರು ಬಂದ್ರು ಅನ್ನೂದು ನನಗೊಬ್ಬಾಕಿಗೆ ಕಾಣ್ತಿತ್ತು. ಬಂದ ಕೂಡ್ಲೆ ತಾನಾಗೇ ಒಂದು ಸ್ವಾಗತ ಹೋಗ್ತಿತ್ತು, ನಾನ ಬರೆದದ್ದು: "ಬರ್ರಿ ಬರ್ರಿ! ಇಲ್ಲಿ ನಿಮ್ಮನ್ನ ಯಾರ ಪೈಕಿ ಅಂತ ಯಾರೂ ಕೇಳಂಗಿಲ್ಲ."

ಮೊದ್ಲ ಎರಡು ತಿಂಗಳು ಏನ್ ಚಂದ ಇತ್ತಂತೀರಿ. ಅನ್ನಮ್ಮಕ್ಕ ರೊಟ್ಟಿ ಫೋಟೋ ಹಾಕಿದ್ಳು. ಕಿಟಕಿ ತೆರೆದೇ ಇತ್ತಲ್ಲ, ಯಾವುದೋ ದೇಶದ ಮನಿಯಿಂದ ಒಬ್ಬರು ಇಂಗ್ಲಿಷಿನ್ಯಾಗ ಉಪದೇಶ ಮಾಡಿದ್ರು. "ಏನಂತವ್ವ ಅವಂದು?" ಅಂತ ಕೇಳಿದ್ಳು.

"ಫೋಟೋದಾಗ ಏನೈತಿ ಅಂತ ಕಣ್ಣಿಲ್ಲದವರಿಗೆ ಬರ್ದು ತಿಳಸಬೇಕಂತ ಅಕ್ಕಾ."

"ಕಣ್ಣಿಲ್ಲದವರಿಗೆ ರೊಟ್ಟಿ ಕೊಡಬೇಕವ್ವ, ಬರ್ದು ಕೊಟ್ರ ಹೊಟ್ಟಿ ತುಂಬತೈತೇನು?" ಅಂದ್ಳು. ಆದ್ರ ಮರುದಿನ ಖರೇನ ಎರಡು ನಿಮಿಷದ ದನಿ ಹಾಕಿದ್ಳು: ಜ್ವಾಳ ಯಾವ ಊರಿಂದು, ಹಿಟ್ಟು ಎಷ್ಟು ನಾದಿದ್ಳು, ರೊಟ್ಟಿ ಎಲ್ಲಿ ಸೀದೈತಿ. ಅಷ್ಟು ಬರೋಬ್ಬರಿ ವಿವರ ಆ ಉಪದೇಶದವರೂ ಕೊಟ್ಟಿದ್ದಿಲ್ಲ. ನಾ ಆ ದನಿಯನ್ನ ಇಂಗ್ಲಿಷಿಗೆ ತಿರುವಿ ಹಂಚಿದೆ. ನೂರಾರು ಮಂದಿ ಭೇಷ್ ಅಂದ್ರು. ಭೇಷ್ ನನಗ ಅಂದ್ರು, ಅಕಿಗಲ್ಲ.

ಜನವರಿಯೊಳಗ ಆ ಸೈಟಿನ್ಯಾಗ ಗುರುಬಾಯಿ ಬಿದ್ಳು.

ಗುರುಬಾಯಿ ಅನ್ನಮ್ಮಕ್ಕನ ಕೂಡ ಕೆಲಸ ಮಾಡೂ ಹೆಣ್ಮಗಳು. ಒಂಬತ್ತನೇ ಅಂತಸ್ತಿನ್ಯಾಗ ನಿಂತು ಕೆಲಸ ಮಾಡಾಕ ಹಗ್ಗದಲೆ ಕಟ್ಟಿದ್ದ ಹಲಗಿ ಕಳಚ್ತು, ಎಂಟನೇದರ ಸ್ಲ್ಯಾಬ್ ಮ್ಯಾಲೆ ಬಿದ್ಳು, ಸೊಂಟದ ಎಲುಬು ಹೋತು. ಗುರುವಾರ ಮುಂಜಾನೆ ನಾ ಮೆಟ್ರೋದಾಗಿದ್ದೆ, ಕಟ್ಟಿಯೊಳಗ ಅನ್ನಮ್ಮಕ್ಕನ ದನಿ ಬಂತು. ಸಣ್ಣ ದನಿ, ಬಾಯಿಗೆ ಸೆರಗು ಹಿಡ್ಕೊಂಡು ಮಾತಾಡಿದಂಗ:

"ಯವ್ವಾ, ಎಲ್ಲಾರೂ ಕೇಳ್ರಿ. ಉತ್ತರದ ಕಡಿ ಹಲಗಿ ಏರಬ್ಯಾಡ್ರಿ. ಹಗ್ಗ ಕೊಳತಾವ, ನಾ ಕೈಲೆ ಹಿಸುಕಿ ನೋಡೀನಿ, ಪುಡಿ ಉದುರತೈತಿ. ಗುರುಬಾಯಿ ಬಚ್ಚಲದಾಗ ಜಾರಿ ಬಿದ್ದಾಳ ಅಂತ ಕಾಗದದ ಮ್ಯಾಲೆ ಹೆಬ್ಬಟ್ಟು ಹಾಕಿಸ್ಕೊಂಡಾರ. ಬಚ್ಚಲದಾಗಲ್ಲ, ನನ್ನ ಕಣ್ಣ ಮುಂದ ಬಿದ್ದಾಕಿ. ನಮ್ಮ ನಮ್ಮೊಳಗ ಇರ್ಲಿ, ಆದ್ರ ಏರಬ್ಯಾಡ್ರಿ."

ಕಣ್ಣು ತುಂಬಿದ್ವು ನನಗ. ಖರೇ ತುಂಬಿದ್ವು. ತುಂಬಿದ ಕಣ್ಣಿಲೆನೇ ಅದನ್ನ ಇಂಗ್ಲಿಷಿನ್ಯಾಗ ಬರೆದೆ. ದನಿ ಹಾಕಿದ್ರ ಬರ್ದೂ ತಿಳಸಬೇಕಲ್ಲ, ಅದು ಒಳ್ಳೇ ಮಂದಿಯ ರಿವಾಜು. ಯಾವ ಸೈಟು ಅಂತ ಯಾರೋ ಕೇಳಿದ್ರು, ಕಂಪನಿ ಹೆಸರೂ ಬರೆದೆ. ಎಲ್ಲಾ ಕಿಟಕಿಗೂ ಕಾಣೂಹಂಗ ಹಂಚಿದೆ. ಅನ್ನಮ್ಮಕ್ಕನ ಕೇಳಬೇಕು ಅನಿಸಲಿಲ್ಲೇನು? ಅನಿಸ್ತು. ಅಮೀರ್‌ಪೇಟ್ ಸ್ಟೇಶನ್ ಬಂತು, ಮಂದಿ ನುಗ್ಗಿದ್ರು, ಮರ್ತೆ. "ನಮ್ಮ ನಮ್ಮೊಳಗ ಇರ್ಲಿ" ಅನ್ನೂದನ್ನೂ ಇಂಗ್ಲಿಷಿಗೆ ತಿರುವಿದ್ದೆ ನೋಡ್ರಿ. ತಪ್ಪಿಲ್ಲದ ತಿರುವಿದ್ದೆ.

ಶನಿವಾರ ಮಾದಾಪುರದಾಗ ನಂದು ಭಾಷಣ ಇತ್ತು. ಹೊಸ ತಾಣಗಳ ರೀತಿ-ರಿವಾಜು, ಅವುಗಳ ವಿನ್ಯಾಸ. ನನ್ನಂಥ ಹುಚ್ಚರು ಅರವತ್ತು ಮಂದಿ, ಏಸಿ ಹಾಲ್, ಸಮೋಸಾ. ಪಟ್ಟಿ ತೋರಿಸಿದೆ, ಚುಕ್ಕಿ ತೋರಿಸಿದೆ, ಕೊನಿಗೆ ಅನ್ನಮ್ಮಕ್ಕನ ದನಿ ಹಾಕಿದೆ. ಆಮ್ಯಾಲೆ ಚಪ್ಪಾಳಿ. ಒಬ್ಬ ಎದ್ದು ಕೇಳಿದ, "ಕೆಟ್ಟವರು ಒಳಗ ಬಂದ್ರ ಏನ್ ಮಾಡ್ತೀರಿ?" ನಾ ಅಂದೆ, "ಒಳ್ಳೇವರು ಹೆಚ್ಚಿದ್ರ ಕೆಟ್ಟವರು ತಾವಾಗೇ ಹೋಗ್ತಾರ." ಅದಕ್ಕೂ ಚಪ್ಪಾಳಿ.

ಕೆಳಗಿಳಿದು ಫೋನ್ ನೋಡಿದ್ರ ರೇಣುಕಾಂದು ಒಂಬತ್ತು ಮಿಸ್ಡ್ ಕಾಲ್. ಫೋನ್ ಹಚ್ಚಿದೆ.

"ಅಕ್ಕಾ, ಅವ್ವನ್ನ ಆಫೀಸಿನ್ಯಾಗ ನಿಂದ್ರಿಸ್ಯಾರ. ಶೆಡ್ಡಿನ ಸಾಮಾನು ಹೊರಗ ಇಡಾಕತ್ತಾರ. ನನ್ನ ಗೈಡ್ ಎಲ್ಲಾ ಮಣ್ಣಾಗ ಬಿದ್ದಾವಕ್ಕಾ."

ನಾ ಹೋಗೂದ್ರಾಗ ಮೂರು ಹೊಡೆದಿತ್ತು. ಸೈಟ್ ಆಫೀಸ್ ಅಂದ್ರ ಒಂದು ಡಬ್ಬಿ. ಕುರ್ಚಿ ಮ್ಯಾಲೆ ಮಲ್ಲಣ್ಣ, ಈ ಸೈಟಿನ ಸೂಪರ್‌ವೈಜರ್ ಅವನ. ಗೋಡಿಗೆ ಆನಿಸಿ ಅನ್ನಮ್ಮಕ್ಕ. ಅವನ ಫೋನಿನ್ಯಾಗ ಅಕಿ ದನಿ ನಡೆದಿತ್ತು, "ಹಗ್ಗ ಕೊಳತಾವ..." ಎಷ್ಟನೇ ಸಲವೋ. ಅಕಿ ತನ್ನ ದನಿ ತಾ ಕೇಳ್ಕೋತ ನೆಲ ನೋಡಾಕತ್ತಿದ್ಳು.

"ಬರ್ರಿ ಮೇಡಂ, ಬರ್ರಿ ಬರ್ರಿ" ಅಂದ ಮಲ್ಲಣ್ಣ. "ನಿಮ್ಮ ಕಟ್ಟಿ ಭಾಳ ಚಲೋ ಐತಿ. ಆ ಮುದುಕ ಮೂರು ಸಲ ನನ್ನ ಹೊರಗ ನಿಂದ್ರಿಸಿದ. ನೀವು ನೋಡ್ರಿ, ಎಷ್ಟು ಪ್ರೀತಿಲೆ ಕರದ್ರಿ."

ಫೋನ್ ತಿರುಗಿಸಿ ತೋರಿಸಿದ. ನನ್ನ ಸ್ವಾಗತ. ಹೆಸರೂ ಮುಚ್ಚಿಟ್ಟಿದ್ದಿಲ್ಲ ಅವ, ಮಲ್ಲಣ್ಣ ಮಾನ್ವಿ ಅಂತ ಸಾಫ್ ಬರ್ದಿದ್ದ. ಅದರ ಕೆಳಗ ಇನ್ನೊಂದು ಸಾಲು, ನಾ ಖುದ್ದ ಟೈಪ್ ಮಾಡಿದ್ದು: "ನೀವು ನಮ್ಮ ಮುನ್ನೂರನೇ ಸದಸ್ಯರು, ಅಭಿನಂದನೆ!" ಮುನ್ನೂರು ಆದ ಖುಷಿಯೊಳಗ ಯಾರು ಅಂತ ನೋಡಿದ್ದಿಲ್ಲ.

"ಅಕಿದೇನೂ ತಪ್ಪಿಲ್ಲ. ನಾ ಹಂಚಿದ್ದು. ನನ್ನ ಮ್ಯಾಲೆ ಕೇಸ್ ಹಾಕ್ರಿ" ಅಂದೆ.

"ನಿಮ್ಮ ಮ್ಯಾಲ್ಯಾಕ ಹಾಕೂದು? ಉಪಕಾರ ಮಾಡೀರಿ. ಮ್ಯಾಲಿನವರಿಗೆ ಕನ್ನಡ ಬರಂಗಿಲ್ಲ. ನಾ ಎಲ್ಲಾ ಬಿಡಿಸಿ ಹೇಳಬೇಕಾಗ್ತಿತ್ತು. ನೀವ ಇಂಗ್ಲಿಷಿನ್ಯಾಗ ಬರ್ದು ಕೊಟ್ರಿ."

"ಬ್ಯಾರೆ ಸೈಟ್ ಇಲ್ಲೇನು ಉಪ್ಪಲ್‌ದಾಗ? ಇಪ್ಪತ್ತು ಅದಾವ, ಅಕಿ ಅಲ್ಲಿಗೆ ಹೋಗ್ತಾಳ" ಅಂದೆ.

ಅವ ನಕ್ಕ. "ಸೂಪರ್‌ವೈಜರ್ ಮಂದಿಗೂ ಒಂದು ಗುಂಪೈತ್ರಿ ಮೇಡಂ. ವಾಟ್ಸಾಪ್‌ದಾಗ. ಅಕಿ ದನಿ ಎಲ್ಲಾರೂ ಕೇಳ್ಯಾರ. ನಮ್ಮ ಗುಂಪು ಮಾತ್ರ ಓಪನ್ ಇಲ್ಲ."

ಹೊರಗ ಬಂದ್ವಿ. ಎರಡು ಗೋಣಿಚೀಲ, ಒಂದು ಟ್ರಂಕು, ರೇಣುಕಾನ ಸೈಕಲ್. ರೇಣುಕಾ ಗಣಿತದ ಗೈಡಿನ ಮಣ್ಣು ಲಂಗಕ್ಕ ಒರಸಾಕತ್ತಿದ್ಳು, ಒಂದೊಂದ ಹಾಳಿ.

"ಅಕ್ಕಾ, ರೇಣುಕಾ ನಮ್ಮ ಮನ್ಯಾಗ ಇರ್ಲಿ. ಮಾರ್ಚ್ ತನ ಅಷ್ಟ. ಮ್ಯಾಲಿನ ಖೋಲಿ ಖಾಲಿ ಐತಿ, ನೀನ ಉಸುಕು ಹೊತ್ತದ್ದು."

ಅನ್ನಮ್ಮಕ್ಕ ಅವತ್ತು ಮೊದ್ಲ ಸಲ ನನ್ನ ಮಾರಿ ನೋಡಿದ್ಳು. "ನಳದ ಬಾಜೂಕ ಒಂದು ಗ್ಲಾಸ್ ಇತ್ತಲ್ಲವ್ವ. ಇನ್ನೂ ಐತೇನು?"

ಇತ್ತು.

"ಅದರಾಗ ಚಾ ಕುಡ್ಯಾಕ ನಾ ಸಾಕು. ಅಕಿ ಬ್ಯಾಡ." ಆಮ್ಯಾಲೆ ಸಣ್ಣಗ ಕೇಳಿದ್ಳು, ಸಿಟ್ಟಿಲ್ಲ, ತಿಳಕೊಳ್ಳಾಕ ಕೇಳಿದಂಗ: "ಆ ಮಲ್ಲಣ್ಣನ್ನ ಒಳಗ ಬಿಟ್ಟವರು ಯಾರು ಶೈಲವ್ವ? ನಮ್ಮಾವ ಅಂತ ಯಾರಂದ್ರು?"

"ಯಾರೂ ಅನ್ನಲಿಲ್ಲ ಅಕ್ಕಾ. ಅನ್ನೂದು ಬೇಕಾಗಿದ್ದಿಲ್ಲ."

"ನಾ ಮನಿಯೊಳಗ ಮಾತಾಡಾಕತ್ತೀನಿ ಅಂತ ತಿಳ್ದಿದ್ದೆ" ಅಂದ್ಳು. ಅಷ್ಟ ಅಂದದ್ದು.

ಹುಸೇನಪ್ಪ ಕಾಕಾ ನಾಲ್ಕು ಸೈಟಿಗೆ ಅಡ್ಡಾಡಿ ಕೇಳಿದ. ಎಲ್ಲಾ ಕಡಿ ಅದ ದನಿ ಮೊದ್ಲ ಹೋಗಿ ಕುಂತಿತ್ತು. ಬುಧವಾರ ಪುಣೆ ಕಡಿ ಹೊಂಟ ಒಂದು ಗ್ಯಾಂಗಿನ ಕೂಡ ಅನ್ನಮ್ಮಕ್ಕ ಹೋದ್ಳು, ರೇಣುಕಾನ್ನ ಕರ್ಕೊಂಡು. ವಯಸ್ಸಿಗೆ ಬಂದ ಹುಡಿಗಿನ್ನ ಯಾರ ಪೈಕಿ ಅಂತ ಬಿಟ್ಟುಹೋಗ್ಲಿ ಅಂದ್ಳಂತ. ಸೈಕಲ್ ಕಾಕಾನ ಮನಿ ಮುಂದ ಐತಿ.

ನಾ ಆ ದನಿ ಅಳಿಸಿದೆ. ನನ್ನ ಮನಿಯಿಂದ ಅಳಿಸಿದೆ. ಆದ್ರ ಕಿಟಕಿಯಿಂದ ಹಾರಿ ಹೋದದ್ದು ಎಷ್ಟೋ ಮನಿಯೊಳಗ ಕುಂತಿತ್ತು. ಒಬ್ಬೊಬ್ಬ ಮಾಲಕಗ ಪತ್ರ ಬರೆದೆ. ಕೆಲವರು ತೆಗೆದ್ರು, ಕೆಲವರು ಉತ್ತರಾನೇ ಕೊಡಲಿಲ್ಲ. ಒಬ್ಬರು ಭಾಳ ಮರ್ಯಾದಿಲೆ ಬರೆದ್ರು: ಇದು ಶೋಷಿತರ ದನಿ, ಇದನ್ನ ಉಳಸೂದು ನಮ್ಮ ಕರ್ತವ್ಯ ಅಂತ. ಇವತ್ತಿಗೂ ಐತಿ ಅಲ್ಲಿ. ನಂದ ಇಂಗ್ಲಿಷ್ ಕೆಳಗ.

ಕಟ್ಟಿಯಿಂದ ಮಂದಿ ಎದ್ದು ಹೋದ್ರು. ಯಾರೂ ಬೈಯಲಿಲ್ಲ, ಫೋನಿನಿಂದ ತೆಗೆದು ಒಗೆದ್ರು ಅಷ್ಟ. ಉಳದವ ಮಲ್ಲಣ್ಣ ಒಬ್ಬನ. ದಿನಾ ಮುಂಜಾನೆ ಬರೀತಿದ್ದ, "ಒಳ್ಳೇ ಕೆಲಸಗಾರರು ಬೇಕಾಗ್ಯಾರ." ಅವ ಹಾಕಿದ ಒಂದು ಹಲಗಿ ಫೋಟೋಗೆ ಯಾವುದೋ ದೇಶದವರು ಬರೆದಿದ್ರು, ದಯವಿಟ್ಟು ಚಿತ್ರದ ವಿವರ ಹಾಕ್ರಿ ಅಂತ. ಅವ ಹಾಕಿದ: ಸುರಕ್ಷಿತ ಹಲಗಿ, ಹೊಸ ಹಗ್ಗ. ಅವರು ಥ್ಯಾಂಕ್ಸ್ ಅಂದ್ರು. ಆವತ್ತ ನಾ ಕಟ್ಟಿ ಬಂದ್ ಮಾಡಿದೆ.

ಮಾರ್ಚಿನ್ಯಾಗ ಹತ್ತನೆತ್ತೆ ಪರೀಕ್ಷೆ ಶುರು ಆದ ದಿನ ಅಡ್ಡಾಕ್ಕ ಹೋದೆ. ಮುಂಜಾನೆ ಏಳು. ಕಾಕಾ ಹಳೇ ಗುಂಪಿನ ಕೀಲಿ ತೆಗೆದಿದ್ದ. ನನ್ನ ಮಾತ್ರ ತೆಗೆದುಹಾಕಿದ್ದ.

"ಕಾಕಾ, ಅನ್ನಮ್ಮಕ್ಕ ನನ್ನ ನಂಬರ್ ಬ್ಲಾಕ್ ಮಾಡ್ಯಾಳ. ಅಕಿ ಇರೂ ಗುಂಪಿಗೆ ನನ್ನ ಹಾಕ್ರಿ. ಒಂದ ಮಾತು ಹೇಳ್ತೀನಿ, ತಪ್ಪಾತು ಅಂತ. ಆಮ್ಯಾಲೆ ನೀವ ತೆಗೀರಿ."

"ರಿವಾಜು ಗೊತ್ತೈತಲ್ಲ ನಿನಗ" ಅಂದ. ವ್ಯಂಗ್ಯ ಇದ್ದಿಲ್ಲ. ಎಲ್ಲಾರಿಗೂ ಹೇಳಿದಂಗ ಹೇಳಿದ.

ಫೋನ್ ಬಾಯಿ ಹತ್ರ ಹಿಡಿದೆ. ಭರಾಟಿಲೆ ಮಾತಾಡಾಕಿ ನಾನು, ಅವತ್ತು ಒಂದೊಂದ ಮಾತು ತಡದು ಹೇಳಿದೆ. "ನಾನು ಶೈಲಶ್ರೀ. ಲಿಂಗಸುಗೂರು ಕಡಿಯಾಕಿ. ಉಪ್ಪಲ್..." ಅಲ್ಲಿಗೆ ನಿಂತೆ. ಮುಂದ ಯಾರ ಹೆಸರು ಹೇಳಬೇಕು? ಹಿಂದ ನನ್ನ 'ನಮ್ಮಾಕಿ' ಅಂದಾಕಿ ಒಬ್ಬಾಕಿನ. ಅಕಿ ಹೆಸರ ಹೇಳಿದೆ. "ಅನ್ನಮ್ಮಕ್ಕನ ಪೈಕಿ."

ಕಾಕಾ ಅದನ್ನ ಗುಂಪಿಗೆ ಹಾಕಿದ. ಇಬ್ಬರೂ ಕಲ್ಲಿನ ಮ್ಯಾಲೆ ಕುಂತ್ವಿ. ಲಾರಿ ಬಂತು, ಎಂಟು ಮಂದಿ ಏರಿದ್ರು. ಇನ್ನೊಂದು ಬಂತು. ಎದುರಿಗೆ ಯೂನಿಫಾರ್ಮಿನ ಹುಡಿಗ್ಯಾರು ಕೈಯಾಗ ಹಾಲ್ ಟಿಕೆಟ್ ಹಿಡ್ಕೊಂಡು ಪರೀಕ್ಷೆ ಸೆಂಟರ್ ಕಡಿ ಹೊಂಟಿದ್ರು. ಗುಂಪು ಗಪ್.

ಒಂಬತ್ತಕ್ಕ ಕಾಕಾ ಫೋನ್ ತೆಗೆದು, ನನ್ನ ದನಿ ಯಾರ್ಯಾರು ಕೇಳ್ಯಾರ ಅನ್ನೂ ಪಟ್ಟಿ ತೋರಿಸಿದ. ಉದ್ದ ಇತ್ತು. ಎಲ್ಲಾರ ಕೆಳಗ ಅನ್ನಮ್ಮಕ್ಕನ ಫೋಟೋ, ರೊಟ್ಟಿ ತಟ್ಟೂದು. ಏಳು ಹತ್ತಕ್ಕ ಕೇಳಿದ್ಳು. ಗುಂಪಿನ್ಯಾಗ ಎಲ್ಲಾರಕಿಂತ ಮೊದ್ಲ ಕೇಳಿದಾಕಿ ಅಕಿನ.

"ಕೇಳ್ಯಾಳ" ಅಂದ ಕಾಕಾ. ಬೀಡಿ ಆರಿಸಿ ಕಿವಿಗೆ ಸಿಕ್ಕಿಸ್ಕೊಂಡ. "ಕೇಳಿ ಸುಮ್ಮ ಅದಾಳ. ನಡಿ, ನಿನ್ನ ಮೆಟ್ರೋಕ್ಕ ಹೊತ್ತಾತು."